ಬೋಲ್ಟಿನ ಕೆಳಗಿನ ಕೆಂಪು ಬಣ್ಣ

ಭಾವ,

ನನ್ನ ಕಾಗದ ಬಂದರೆ ಅಕ್ಕ ನಿಮಗೆ ತೋರಿಸದೆ ಒಲೆಗೆ ಹಾಕುತ್ತಾಳೆ. ಹಾಕಲಿ ಬಿಡಿ, ಇದನ್ನು ಕಳಿಸುವವನೂ ಅಲ್ಲ ನಾನು.

ಮೂರು ವರ್ಷದಿಂದ ಮುಚ್ಚಿಟ್ಟಿದ್ದ ಅಪ್ಪನ ಹಳೇ ಕಾರನ್ನು ಇವತ್ತು ಬೆಳಿಗ್ಗೆ ಹೊರಗೆಳೆದೆ. ಅದೇ ರೋಗ, ಹೆಡ್‌ಲೈಟು ಎರಡೂ ಮಿಣಿಮಿಣಿ. ಬಲ್ಬು ಬದಲಿಸಿದೆ, ಫ್ಯೂಸು ಉಜ್ಜಿದೆ, ಸಿಟ್ಟು ನೆತ್ತಿಗೇರಿ ಬಂಪರಿಗೆ ಒದ್ದೆ. ಕೊನೆಗೆ ಬ್ಯಾಟರಿಯ ನೆಗೆಟಿವ್‌ನಿಂದ ಲೈಟಿಗೆ ನೇರವಾಗಿ ಒಂದು ತಂತಿ ಕೊಟ್ಟೆ. ಕಣ್ಣು ಕುಕ್ಕುವಂತೆ ಉರಿಯಿತು. ಅಂದರೆ ತಗಡಿನ ಮೂಲಕ ಕರೆಂಟು ವಾಪಸಾಗುವ ಅರ್ಥ್ ಸರಿಯಿಲ್ಲ. ಅರ್ಥ್ ತಂತಿಯನ್ನು ತಗಡಿಗೆ ಬಿಗಿದಿದ್ದ ಬೋಲ್ಟು ಬಿಚ್ಚಿದೆ. ಕೆಳಗೆ ಕೆಂಪು ಬಣ್ಣ, ಎರಡು ಕೋಟು. ಹೊಡೆದವನು ನಾನೇ.

"ಬೋಲ್ಟ್ ಕೂರೋ ಜಾಗಕ್ಕೆ ಬಣ್ಣ ತಾಗಿಸ್ಬೇಡ ಕಣೋ, ಬರೀ ತಗಡಿರ್ಲಿ, ಬಣ್ಣ ಇದ್ರೆ ಕರೆಂಟ್ ಹರಿಯಲ್ಲ" ಎಂದು ನಾನು ಬಣ್ಣ ಹೊಡೆಯುವಾಗಲೇ ನೀವು ಅಂದಿದ್ದಿರಿ.

ಮೂರು ವರ್ಷದ ಹಿಂದೆ ಅವತ್ತು ಕಾರು ಕೊಳ್ಳಲು ಬಂದವನು ಮಂಕು ಲೈಟು ನೋಡಿ ನಕ್ಕು ಹೋದ. "ವೈರಿಂಗ್ ನಿಮ್ದು, ತಪ್ಪೂ ನಿಮ್ದೇ!" ಎಂದು ನಾನು ಕೂಗಾಡಿದೆ. "ತಾಳೋ, ನೋಡ್ತಿದೀನಿ" ಎಂದು ನೀವು ಒಳಗೆ ಕೈ ಹಾಕಿದಿರಿ. ಆ ಬೋಲ್ಟಿನ ಹತ್ತಿರವೇ ಇತ್ತು ನಿಮ್ಮ ಕೈ. ನಾನು ಬಾನೆಟ್ಟನ್ನು ಬಡಿದು ಮುಚ್ಚಿದೆ. ಮೂಳೆ ಮುರಿದ ಸದ್ದು ಅಕ್ಕನ ಕಿರುಚಾಟಕ್ಕಿಂತ ಮೊದಲು ಕೇಳಿಸಿತ್ತು.

ಇವತ್ತು ಬಣ್ಣ ಕೆರೆದು ಬೋಲ್ಟು ಬಿಗಿದೆ. ಲೈಟು ಚೆನ್ನಾಗಿ ಉರಿಯಿತು. ಅದನ್ನು ನೋಡಲಾಗದೆ ಸ್ಪ್ಯಾನರ್ ತೆಗೆದುಕೊಂಡು ಎರಡನ್ನೂ ಚಚ್ಚಿ ಪುಡಿ ಮಾಡಿದೆ. ಆಮೇಲೆ ನಿಮ್ಮ ಕೈ ಇದ್ದ ಜಾಗದಲ್ಲಿ ನನ್ನ ಎಡಗೈ ಇಟ್ಟು, ಬಲಗೈಯಲ್ಲಿ ಬಾನೆಟ್ಟು ಹಿಡಿದು ತುಂಬಾ ಹೊತ್ತು ನಿಂತೆ.

ಬಡಿಯಲು ಆಗಲಿಲ್ಲ ಭಾವ. ನಿಮ್ಮ ಕೈ ಮೇಲೆ ಬಡಿಯಲು ಅವತ್ತು ನನಗೆ ಅರೆಗಳಿಗೆಯೂ ಬೇಕಾಗಿರಲಿಲ್ಲ.