ಕೊಕ್ಕರೆಯ ಕೆಳಗೆ ಮಲಗಿದವರು

ಸ್ಟುಡಿಯೋದ ಒಳಕೋಣೆ
ಮಾರ್ಚ್ ೧೨, ಭಾನುವಾರ ಮಧ್ಯಾಹ್ನ

ಪ್ರೀತಿಯ ನಿಮಗೆ,

ಮೊದಲು ‘ರೀ’ ಎಂದು ಬರೆದು ಹೊಡೆದುಹಾಕಿದೆ. ಬಾಯಲ್ಲಿ ಕರೆಯುವಾಗಿನ ಸಲಿಗೆ ಕಾಗದದ ಮೇಲೆ ಬರುವುದಿಲ್ಲ. ಭುಜ ಹೇಗಿದೆ? ಕೈ ಈಗ ತಲೆಯ ಮಟ್ಟಕ್ಕೆ ಏಳುತ್ತಿದೆ ಎಂದು ನಿಮ್ಮ ಅಕ್ಕ ಬರೆದಿದ್ದಾರೆ. ವ್ಯಾಯಾಮ ಮಾಡಿಸುವಾಕೆಯ ಜೊತೆ ದಿನಾ ಜಗಳ ಆಡುತ್ತೀರಂತೆ, ಅದನ್ನೂ ಬರೆದಿದ್ದಾರೆ. ಅಕ್ಕನ ಮನೆಯಲ್ಲಿ ಸಂಕೋಚ ಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ಇಲ್ಲಿ ಅತ್ತೆ ಗಟ್ಟಿಯಾಗಿದ್ದಾರೆ. ದಿನಕ್ಕೆರಡು ಸಲ ನಿಮ್ಮ ಮಾತೆತ್ತುತ್ತಾರೆ, ನಾಲ್ಕು ಸಲ ನನ್ನ ತಪ್ಪು ಹುಡುಕುತ್ತಾರೆ. ಅಂದರೆ ಆರೋಗ್ಯವಾಗಿದ್ದಾರೆ ಎಂದೇ ಅರ್ಥ.

ನೀವು ಹೋದ ಮೇಲೆ ಈ ಎರಡು ತಿಂಗಳು ನಾನು ಪಾಸ್‌ಪೋರ್ಟ್ ಫೋಟೋ ಬಿಟ್ಟು ಬೇರೇನೂ ತೆಗೆದಿರಲಿಲ್ಲ. ಗೋಡೆಯ ಪಕ್ಕದ ಎರಡು ದೀಪ ಹಚ್ಚುವುದು, ಆರಿಸುವುದು, ಅಷ್ಟೇ. ದೀಪವನ್ನು ಮೇಲಿಂದ ತೂಗಿಸುವ, ನೀವು ಕೊಕ್ಕರೆ ಎಂದು ಹೆಸರಿಟ್ಟ ಆ ದೊಡ್ಡ ಬೂಮ್ ಸ್ಟ್ಯಾಂಡ್ ತನ್ನ ಉದ್ದ ತೋಳನ್ನು ಇಳಿಬಿಟ್ಟುಕೊಂಡು, ಹಳೇ ಪರದೆ ಹೊದ್ದು ಮೂಲೆಯಲ್ಲಿ ನಿಂತಿತ್ತು. ಅದರ ಹತ್ತಿರ ಹೋದರೆ ಸಾಕು, ನೀವು ಏಣಿಯ ಮೇಲಿಂದ ಬಿದ್ದ ಸದ್ದು ಕಿವಿಯಲ್ಲಿ ಕೇಳಿಸುತ್ತಿತ್ತು. ಕಳೆದ ಕಾಗದದಲ್ಲಿ ನೀವು, ತೋಳಿನ ತಿರುಪು ಬಿಗಿ ಮಾಡಲು ಮರೆತು, ಅದು ಜಾರಿ ಏಣಿಯಿಂದ ಬಿದ್ದವನಿಗೆ ಸ್ಟುಡಿಯೋ ಯಾಕೆ, ಇನ್ನು ದೀಪ ಮುಟ್ಟುವುದಿಲ್ಲ ಎಂದು ಬರೆದಿದ್ದಿರಿ. ಅದನ್ನು ಓದಿದ ಮೇಲೆ ಪರದೆಯ ಅಂಚನ್ನು ಇನ್ನಷ್ಟು ಕೆಳಕ್ಕೆ ಎಳೆದುಬಿಟ್ಟೆ.

ಸೋಮವಾರ ಬೀದಿಯ ಕೊನೆಯ ಟೈಲರಮ್ಮ ಮಗುವನ್ನು ಎತ್ತಿಕೊಂಡು ಬಂದಳು. ತಿಂಗಳು ತುಂಬುವ ಮೊದಲೇ ಹುಟ್ಟಿತ್ತಲ್ಲ, ಅದೇ ಮಗು. ಹುಟ್ಟಿದಾಗಿನಿಂದ ಮೂಗಿಗೆ ನಳಿಗೆ, ಕೆನ್ನೆಗೆ ಪಟ್ಟಿ. ಹಿಂದಿನ ದಿನವಷ್ಟೇ ತೆಗೆದಿದ್ದರಂತೆ. ಮುಂದಿನ ವಾರ ಮತ್ತೊಂದು ಆಪರೇಷನ್, ಮತ್ತೆ ನಳಿಗೆ. ನಡುವೆ ಸಿಕ್ಕ ಈ ನಾಲ್ಕಾರು ದಿನದಲ್ಲಿ ಬರಿಯ ಮುಖದ ಒಂದು ಫೋಟೋ ಬೇಕು ಎಂದಳು. ಮಗುವನ್ನು ಎತ್ತಿ ಕೂರಿಸುವ ಹಾಗಿಲ್ಲ, ಅಂಗಾತ ಮಲಗಿಸಿಯೇ ತೆಗೆಯಬೇಕು. ಅಂದರೆ ಬೆಳಕು ಮೇಲಿಂದಲೇ ಇಳಿಯಬೇಕು. ನನ್ನ ಕೈಲಾಗದು, ಯಜಮಾನರು ಬರಲಿ ಎಂದೆ. ಅವಳು ಮಗುವಿನ ಟೋಪಿ ಸರಿಮಾಡುತ್ತಾ, “ಅವರು ಬರೋವರೆಗೆ ಕಾಯೋಕೆ ನಂಗೆ ಧೈರ್ಯ ಇಲ್ಲಕ್ಕ,” ಅಂದಳು. ಗುರುವಾರ ಬಾ ಎಂದುಬಿಟ್ಟೆ. ಹೇಗೆ ಅಂದೆನೋ ಗೊತ್ತಿಲ್ಲ.

ಮಂಗಳವಾರ ಪರದೆ ತೆಗೆದೆ. ಮೂರು ಕಾಲುಗಳನ್ನು ಅಗಲಿಸಿ, ಒಂದು ಕಾಲು ತೋಳಿನ ದಿಕ್ಕಿಗೇ ಬರುವಂತೆ ತಿರುಗಿಸಿ, ಅದರ ಮೇಲೆ ಮರಳಿನ ಚೀಲ ಹೇರಿದೆ. ತೋಳಿನ ಬಾಲಕ್ಕೆ ಎದುರು ಭಾರ ಕಟ್ಟಿದೆ. ಏಣಿ ಮಾತ್ರ ಹತ್ತಲಿಲ್ಲ. ಕಂಬವನ್ನೇ ಎದೆಯ ಮಟ್ಟಕ್ಕೆ ಇಳಿಸಿ, ನೆಲದ ಮೇಲೆ ನಿಂತೇ ದೀಪ ಸಿಕ್ಕಿಸಿ, ತಂತಿಯಿಂದ ತೋಳಿಗೆ ಬಿಗಿದು, ಆಮೇಲೆ ಗೇಣು ಗೇಣಾಗಿ ಏರಿಸಿದೆ. ಇಷ್ಟು ಸುಲಭದ ದಾರಿ ಇರುವಾಗ ಮೂವತ್ತು ವರ್ಷ ಏಣಿ ಯಾಕೆ ಹತ್ತಿದಿರಿ ಮಾರಾಯರೇ? ಚಿಕ್ಕ ಸ್ಟ್ಯಾಂಡಿನ ಹಿಡಿಕೆಯ ತೋಳಿಗೆ ಬಿಳಿ ಬಟ್ಟೆಯ ಚೌಕಟ್ಟು ಕಚ್ಚಿಸಿ ದೀಪಕ್ಕೆ ಅಡ್ಡ ಹಿಡಿಸಿದೆ. ಕೆಳಗೆ ಹಾಸಿಗೆ, ಹಾಸಿಗೆಯ ಮೇಲೆ ಮಗುವಿನ ಬದಲು ದಿಂಬು. ಸಂಜೆಯವರೆಗೂ ಆ ದಿಂಬನ್ನೇ ನೋಡುತ್ತಾ ಕೂತೆ. ತೋಳು ಅಲುಗಲಿಲ್ಲ, ಆದರೂ ಎದ್ದೆದ್ದು ಹೋಗಿ ತಿರುಪನ್ನು ಹತ್ತು ಸಲ ಮುಟ್ಟಿ ನೋಡಿದೆ.

ಬುಧವಾರವೂ ಹಾಗೇ ಕೂತಿದ್ದಾಗ ಅತ್ತೆ ಕೋಲೂರಿಕೊಂಡು ಒಳಗೆ ಬಂದರು. ನನ್ನನ್ನೂ ದಿಂಬನ್ನೂ ನೋಡಿದರು. ಏನೂ ಕೇಳದೆ ದಿಂಬು ಸರಿಸಿ, ತಾವೇ ಕೊಕ್ಕರೆಯ ಕೆಳಗೆ ಮಲಗಿಬಿಟ್ಟರು. ಏಳಿ ಅತ್ತೆ ಎಂದು ಎಷ್ಟು ಬೇಡಿಕೊಂಡರೂ ಕದಲಲಿಲ್ಲ. “ದಿಂಬಿಗೆ ಭಯ ಗೊತ್ತಾಗಲ್ಲ ಕಣೆ. ನನ್ನನ್ನ ನೋಡ್ಕೋ,” ಅಂದರು. ಹತ್ತು ನಿಮಿಷಕ್ಕೆ ನಿದ್ದೆಯೂ ಹೋದರು. ಬಟ್ಟೆಯಿಂದ ಸೋಸಿ ಬಂದ ಬೆಳಕು ಅವರ ಮುಖದ ಮೇಲೆ ಹಾಲಿನ ಹಾಗೆ ಹರಡಿತ್ತು. ದೂಳಿನ ಕಣಗಳು ಇಳಿಯಲೋ ಏರಲೋ ಎಂದು ಯೋಚಿಸುತ್ತಾ ತೇಲುತ್ತಿದ್ದವು. ಸುಕ್ಕುಗಳೆಲ್ಲ ಕರಗಿ, ನಾನೆಂದೂ ಕಾಣದ ಯಾವುದೋ ಹುಡುಗಿ ಅಲ್ಲಿ ಮಲಗಿದ್ದಳು. ನಿಮ್ಮನ್ನು ಹೆತ್ತಾಗ ಇವರು ಹೀಗಿದ್ದಿರಬಹುದು ಅನ್ನಿಸಿತು. ಒಂದು ಗಂಟೆ ಹೊತ್ತು ಕೋಣೆಯೇ ನೀರಿನೊಳಗೆ ಇದ್ದ ಹಾಗಿತ್ತು. ಅಷ್ಟು ಹೊತ್ತೂ ನಾನು ತಿರುಪನ್ನು ಒಮ್ಮೆಯೂ ಮುಟ್ಟಿ ನೋಡಲಿಲ್ಲ.

ಗುರುವಾರ ಹನ್ನೊಂದು ಗಂಟೆಗೆ ಮಗುವನ್ನು ಮಲಗಿಸಿದೆವು. ದೀಪ ನೆತ್ತಿಗೆ ನೇರ ಬಾರದಂತೆ, ತಲೆಯ ಆಚೆ ಒಂದು ಮೊಳ ಸರಿಸಿದ್ದೆ. ಟೈಲರಮ್ಮ ಹಾಸಿಗೆಯ ಪಕ್ಕದಲ್ಲೇ ಮಂಡಿಯೂರಿ ಕೂತಿದ್ದಳು. ಮಗು ಒಮ್ಮೆ ಬೆಳಕನ್ನು ನೋಡಿ, ಗೊತ್ತಿರುವವರನ್ನು ಕಂಡ ಹಾಗೆ ತುಟಿ ಅರಳಿಸಿ, ಕಣ್ಣು ಮುಚ್ಚಿತು. ಒಂಬತ್ತು ಫೋಟೋ ತೆಗೆದೆ. ಅವಳಿಗೆ ತೋರಿಸಿದಾಗ ಫೋಟೋದ ಮೇಲೆ ಬೆರಳಿಟ್ಟು ಮಗುವಿನ ಮುಖ ಸವರಿದಳು. ಆಮೇಲೆ, “ನಮ್ಮಪ್ಪನ ಮೂಗು. ಇಷ್ಟು ದಿನ ಕಾಣಿಸಿರಲೇ ಇಲ್ಲ,” ಅಂದಳು. ಮೊದಲು ಮಗುವನ್ನು ಅಲ್ಲಿಂದ ಎತ್ತಿಸಿ, ಬಾಗಿಲು ದಾಟಿಸಿ, ಆಮೇಲೆಯೇ ದೀಪ ಇಳಿಸಿದೆ. ಒಳಗೆ ಹೋಗಿ ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. ನನಗೂ ಈ ವಯಸ್ಸಿನಲ್ಲಿ ನಾಚಿಕೆಯಿಲ್ಲ ನೋಡಿ.

ಫೋಟೋದ ಒಂದು ಪ್ರತಿ ಇದರೊಂದಿಗೆ ಇಟ್ಟಿದ್ದೇನೆ. ಗಲ್ಲದ ಕೆಳಗಿನ ನೆರಳು ಸ್ವಲ್ಪ ಗಟ್ಟಿಯಾಯಿತೇನೋ, ನೋಡಿ ಹೇಳಿ. ಅಕ್ಕನಿಗೆ ನನ್ನ ನಮಸ್ಕಾರ. ಅತ್ತೆ ನಿಮ್ಮ ತಲೆ ಸವರಿದ್ದಾರೆಂದು ತಿಳಿಯಿರಿ.

ನಿಮ್ಮ
ಅರ್ಧ ಫೋಟೋಗ್ರಾಫರ್

ತಾ.ಕ.: ಅಂಟಿಸಿದ ಲಕೋಟೆ ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ತಿರುಪು ಬಿಗಿ ಮಾಡಲು ನೀವು ಮರೆತಿರಲಿಲ್ಲ. ಆ ದಿನ ನೀವು ಸ್ನಾನಕ್ಕೆ ಹೋದಾಗ, ತೋಳು ಒರೆಸಲೆಂದು ಅದನ್ನು ಸಡಿಲಿಸಿದವಳು ನಾನು. ಬಾಗಿಲಲ್ಲಿ ಯಾರೋ ಕರೆದರು, ಹೋದೆ, ಮತ್ತೆ ಬಿಗಿ ಮಾಡಲಿಲ್ಲ. ಆಸ್ಪತ್ರೆಯಲ್ಲಿ ನೀವು ‘ನಾನೇ ಮರೆತೆ’ ಎಂದು ಎಲ್ಲರಿಗೂ ಹೇಳುವಾಗ ಪಕ್ಕದಲ್ಲೇ ನಿಂತು ಸುಮ್ಮನಿದ್ದೆ. ಅತ್ತೆಗೆ ಗುರುವಾರ ಹೇಳಿದೆ. “ನಂಗೆ ಹೇಳಿದ್ರೆ ಸಾಲದು, ಅವನಿಗೆ ಬರಿ,” ಅಂದರು. ನಿಮ್ಮ ನೆನಪಿಗೂ ಕೈಚಳಕಕ್ಕೂ ಏನೂ ಆಗಿಲ್ಲ. ಬೈಯಬೇಕು ಅನ್ನಿಸಿದರೆ ಕಾಗದದಲ್ಲಿ ಬೇಡ, ಇಲ್ಲಿಗೆ ಬಂದು ಬೈಯಿರಿ.