ಚೊಚ್ಚಲಲ್ಲ

ಗದಗ, ಎರಡನೆಯ ಶ್ರಾವಣದ ನಲವತ್ತೊಂದನೆಯ ದಿನ, ೨೧೫೧

ನೀಲವ್ವನಿಗೆ ಗಿರಿಮೊಮ್ಮಗಳು ಹೊನ್ನವ್ವನ ನಮಸ್ಕಾರ. ನೂರು ವರ್ಷಕ್ಕೂ ಹಿಂದಿನ ನಿನ್ನ ಕ್ಯಾಲೆಂಡರಿನಲ್ಲಿ ಇಂಥ ತಾರೀಖಿಲ್ಲ. ಬಿಸಿಲು ಹೆಚ್ಚಿದ ಮೇಲೆ ನಾವು ತಿಂಗಳುಗಳನ್ನೇ ಹಿಗ್ಗಿಸಿಕೊಂಡಿದ್ದೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸು. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನಾಳೆ ನೀನು ಅತ್ತೆ ಚನ್ನವ್ವನ ಜೊತೆ ಆಸ್ಪತ್ರೆಗೆ ಹೋಗುತ್ತೀ. ಡಾಕ್ಟರಮ್ಮ "ಎಷ್ಟನೇದವಾ?" ಎಂದು ಕೇಳುತ್ತಾರೆ. ನೀನು ಬಾಯಿ ತೆರೆಯುವ ಮೊದಲೇ ಚನ್ನವ್ವ, "ಚೊಚ್ಚಲರೀ, ಇದ ಮೊದಲನೇದು" ಎಂದುಬಿಡುತ್ತಾಳೆ. ಆಹಾ, ಏನು ಜಾಣತನ! ಮೂರು ಸಲ ಬಸಿರು ಹೋದದ್ದು ಗೊತ್ತಾದರೆ ಮನೆತನದ ಮಾನ ಹೋಗುತ್ತದಂತೆ. ಹೊತ್ತವಳು ನೀನು, ಅತ್ತವಳು ನೀನು, ಮಾನ ಮಾತ್ರ ಅವಳದು! ನೀನೋ, ಚಪ್ಪಲಿ ನೋಡುತ್ತ ನಿಲ್ಲುತ್ತೀ. ನಾಲಿಗೆ ಬಿದ್ದುಹೋಗಿದೆಯೇ ನಿನಗೆ? ಚೊಚ್ಚಲೆಂದು ನಂಬಿದ ಡಾಕ್ಟರಮ್ಮ "ಎಲ್ಲಾ ಛಲೋ ಐತಿ, ತಿಂಗಳು ಬಿಟ್ಟು ಬಾ" ಎನ್ನುತ್ತಾರೆ. ಪದೇ ಪದೇ ಬಸಿರು ಹೋದವಳಿಗೆ ಮುಂದಿನ ಬಸಿರಿನಲ್ಲಿ ಬಿಪಿ ಏರಬಹುದು, ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು, ಹೆದರಿಕೆಗೆ ನಿದ್ದೆಯೇ ಬಾರದಿರಬಹುದು. ಗೊತ್ತಿದ್ದರೆ ಅವರು ನಿನ್ನನ್ನು ಮತ್ತೆ ಮತ್ತೆ ಕರೆಸಿ ನೋಡುತ್ತಿದ್ದರು.

ಮುಂದಿನದು ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಏಳನೇ ತಿಂಗಳಲ್ಲಿ ನಿನ್ನ ಮುಖ ಊದಿತು, ತಲೆ ಸಿಡಿಯತೊಡಗಿತು. "ಬಸರೆಂದ್ರ ಇದೆಲ್ಲಾ ಇರೋದ" ಎಂದಳು ಚನ್ನವ್ವ. ಫಿಟ್ಸ್ ಬಂದಾಗ ಹೊತ್ತು ಮೀರಿತ್ತು. ಕೂಸು ಉಳಿಯಿತು, ಅವಳೇ ನನ್ನ ಮುತ್ತಜ್ಜಿ. ನೀನು ಉಳಿಯಲಿಲ್ಲ.

ನಮ್ಮಲ್ಲಿ ಬಸುರಿಯ ಮೊದಲ ಭೇಟಿಗೆ 'ಒಡಲಮಾತು' ಎನ್ನುತ್ತೇವೆ. ಒಳಗೆ ಅವಳೊಬ್ಬಳೇ ಮಾತಾಡಬೇಕು. ಅತ್ತೆ, ಗಂಡ, ತವರಿನವರು ಹೊರಗೆ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿರುತ್ತಾರೆ. ಬಸುರಿಗೆ ಸೀಮಂತದ ಕುಬಸ ಮಾಡುವ ದಿನ ಹೋದ ಕೂಸುಗಳ ಹೆಸರಿನಲ್ಲೂ ಒಂದೊಂದು ಹಸಿರು ಬಳೆ ತೊಡಿಸುತ್ತೇವೆ. ಈಗ ನಾನೂ ಬಸುರಿ, ನನ್ನ ಕೈಯಲ್ಲಿ ಅಂಥವು ಎರಡಿವೆ. ಯಾರೂ ಮೂಗು ಮುರಿಯಲಿಲ್ಲ. ನನ್ನ ಬಿಪಿಯನ್ನು ದಿನಾ ನೋಡುತ್ತಾರೆ.

ನೀನು ಸುಮ್ಮನಿದ್ದರೂ ನಾನು ಹುಟ್ಟುತ್ತೇನೆ ನೀಲವ್ವಾ, ಇದು ನನಗಾಗಿ ಬರೆದದ್ದಲ್ಲ. ವೈದ್ಯರ ಮುಂದೆ ಸುಳ್ಳಾಡಬಾರದೆಂದು ಊರೆಲ್ಲ ಹೇಳುತ್ತದೆ, ಸೊಸೆಯ ವಿಷಯಕ್ಕೆ ಬಂದಾಗ ಮರೆಯುತ್ತದೆ. ನಾಳೆ ಚನ್ನವ್ವ ಬಾಯಿ ತೆರೆದರೆ ಅವಳ ಕೈ ಅದುಮು, ತಲೆಯೆತ್ತು, ಹೇಳು: "ಚೊಚ್ಚಲ ಅಲ್ರೀ, ನಾಕನೇದು." ಮನೆಗೆ ಬಂದ ಮೇಲೆ ಅವಳು ಬೈಯುತ್ತಾಳೆ. ಬೈಸಿಕೋ. ಬೈಸಿಕೊಳ್ಳುವುದಕ್ಕಾದರೂ ನೀನು ಬದುಕಿರಬೇಕಲ್ಲ, ಯವ್ವಾ.