ಎಂಟುನೂರ ಅರವತ್ತನೇ ಮೆಟ್ಟಿಲು

ನಮ್ಮ ಮಹಡಿ ಮನೆಯಿಂದ,
ಗುರುವಾರ, ಹದಿನಾಲ್ಕನೇ ತಾರೀಕು, ಮಧ್ಯಾಹ್ನ

ಪ್ರೀತಿಯ ತಕ್ಕಡಿಯವರೇ,

ಕಾಲು ಹೇಗಿದೆ? ಬೆಳಗಿನ ಹೊತ್ತು ಜೋಮು ಹಿಡಿಯುವುದು ನಿಂತಿತೋ ಇಲ್ಲವೋ? ಹೊಟ್ಟೆ ತುಂಬ ಊಟ ಮಾಡುತ್ತಿದ್ದೀರೋ, ಅಥವಾ ಮಗಳ ಮನೆಯ ಗಡಿಯಾರ ಎರಡು ನಿಮಿಷ ಮುಂದಿದೆ ಅಂತ ಅದನ್ನೇ ನೋಡುತ್ತಾ ಕೂತಿರುತ್ತೀರೋ? ಫೋನಿನಲ್ಲಿ ಕೇಳಿದರೆ ನೀವು "ಹ್ಞೂಂ" ಅನ್ನುತ್ತೀರಿ. ನಿಮ್ಮ ಹ್ಞೂಂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಹೌದೂ ಅಲ್ಲ, ಇಲ್ಲವೂ ಅಲ್ಲ. ನಾನು ಇನ್ನೊಂದು ಮಾತು ತೆಗೆಯುವಷ್ಟರಲ್ಲಿ ಫೋನು ಮಗಳ ಕೈಗೆ ಹೋಗಿರುತ್ತದೆ. ಅದಕ್ಕೇ ಈ ಕಾಗದ. ಇದನ್ನು ಯಾರ ಕೈಗೂ ದಾಟಿಸಬೇಡಿ, ಕನ್ನಡಕ ಹಾಕಿಕೊಂಡು ಪೂರ್ತಿ ನೀವೇ ಓದಿ. ನಿಮ್ಮ ಸಮಾಚಾರ ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ಮಗಳು ಎಲ್ಲ ಹೇಳಿದ್ದಾಳೆ. "ಅಮ್ಮಾ, ಮೂಳೆ ಕೂಡಿಕೊಂಡಿದೆ ಅಂತ ಡಾಕ್ಟರು ಹೇಳಿ ತಿಂಗಳಾಯ್ತು. ನೆಲದ ಮೇಲೆ ಚೆನ್ನಾಗೇ ನಡೀತಾರೆ. ಅಭ್ಯಾಸಕ್ಕೆ ಅಂತ ಮರದ ಮೂರು ಮೆಟ್ಟಿಲು ಮಾಡಿಸಿ ಇಟ್ರೆ, ಎರಡು ಹತ್ತಿ ಇಳಿದುಬಿಡ್ತಾರೆ. ಮೂರನೇದಕ್ಕೆ ಕಾಲೇ ಇಡಲ್ಲ" ಅಂದಳು. ನಾನು ಚೆನ್ನಾಗಿದ್ದೇನೆ. ಹೊಲಿಗೆ ಯಂತ್ರದ ಬೆಲ್ಟು ಹೋದ ವಾರ ಹರಿಯಿತು, ಹೊಸದು ಹಾಕಿಸಿದೆ. ಎದುರಿನ ಬೇಕರಿಯವರು ದಿನಾ ನಿಮ್ಮನ್ನು ವಿಚಾರಿಸುತ್ತಾರೆ. ವಿಚಾರಿಸುವ ನೆಪದಲ್ಲಿ ತಮ್ಮ ತಕ್ಕಡಿ ಮೂರು ಗ್ರಾಂ ಹೆಚ್ಚು ತೋರಿಸುತ್ತಿದೆ ಅಂತಲೂ ಹೇಳುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ಮನೆಯ ಪತ್ರಗಳನ್ನು ಹುಡುಕಿ ಕಳಿಸು ಅಂತ ಮಗಳ ಬಾಯಲ್ಲಿ ಹೇಳಿಸಿದ್ದಿರಲ್ಲ. ಕೆಳಗಿನ ನಿಮ್ಮ ತಕ್ಕಡಿ ರಿಪೇರಿ ಅಂಗಡಿ, ಮೇಲಿನ ಮನೆ ಎರಡನ್ನೂ ಔಷಧಿ ಅಂಗಡಿಯವರಿಗೆ ಕೊಟ್ಟು, ಮಗಳ ಊರಿನಲ್ಲೇ ನೆಲಮಟ್ಟದ ಮನೆ ಹಿಡಿಯೋಣ ಅಂತ. ಅವರು ಕೆಟ್ಟವರಲ್ಲ. ಮೂವತ್ತನೇ ತಾರೀಕು ಬಂದು ಉತ್ತರ ಕೇಳುತ್ತೇನೆ ಅಂದಿದ್ದಾರೆ. ನನಗೆ ಸಿಟ್ಟು ಬಂದಿತ್ತು. ಮೂವತ್ತೆಂಟು ವರ್ಷ ಬಾಳಿದ ಮನೆಯನ್ನು ಬಿಡುವ ಮಾತು ಫೋನಿನಲ್ಲಿ, ಅದೂ ಇನ್ನೊಬ್ಬರ ಬಾಯಲ್ಲಿ ಹೇಳಿಸುವುದು ಯಾವ ನ್ಯಾಯ? ಆದರೂ ಸಿಟ್ಟನ್ನು ನುಂಗಿಕೊಂಡೆ. ನಾಲ್ಕು ತಿಂಗಳ ಹಿಂದೆ ನೀವು ಆ ದೊಡ್ಡ ತಕ್ಕಡಿ ಹಿಡಿದುಕೊಂಡು ಮೇಲಿನ ಮೆಟ್ಟಿಲಿನಿಂದ ಉರುಳಿದ ಸದ್ದು ನನ್ನ ಕಿವಿಯಲ್ಲೂ ಇನ್ನೂ ಇದೆ. ಬಿದ್ದವರು ನೀವು, ಮೆಟ್ಟಿಲೆಂದರೆ ಬೇಡ ಅನ್ನುವ ಹಕ್ಕು ನಿಮ್ಮದೇ. ಹಾಗಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡು ಮೊನ್ನೆ ಬೆಳಿಗ್ಗೆ ಏಣಿ ಇಟ್ಟು ಅಟ್ಟ ಹತ್ತಿದೆ.

ಎಷ್ಟು ವರ್ಷದ ದೂಳು, ದೇವರೇ ಬಲ್ಲ. ಸೆರಗಿನಿಂದ ಮೂಗು ಕಟ್ಟಿಕೊಂಡು ಒಂದೊಂದೇ ಸರಿಸಿದೆ. ನಿಮ್ಮ ಮುರಿದ ತಕ್ಕಡಿಗಳ ತಟ್ಟೆ, ನಾನು ಹೊಲಿದು ಯಾರೂ ಒಯ್ಯದ ಎರಡು ಕೋಟು, ಮಗಳ ಮೂರು ಚಕ್ರದ ಸೈಕಲ್ಲಿನ ಒಂದು ಚಕ್ರ. ಎಲ್ಲಕ್ಕಿಂತ ಹಿಂದೆ, ಗೋಡೆಗೆ ಒತ್ತಿಕೊಂಡು, ನಮ್ಮ ರಜೆಯ ಟ್ರಂಕು ಇತ್ತು. ಹಸಿರು ಬಣ್ಣದ್ದು, ಒಂದು ಕಡೆಯ ಚಿಲಕ ಕಿತ್ತು ಹೋದದ್ದು. ಪತ್ರಗಳು ಅದರಲ್ಲೇ ಇರಬಹುದು ಅಂತ ತೆಗೆದೆ. ಪತ್ರ ಇರಲಿಲ್ಲ, ಬೆಟ್ಟದ ಊರೇ ಇತ್ತು. ಮಗಳ ಹುಲ್ಲಿನ ಟೋಪಿ, ರಿಬ್ಬನ್ನಿನ ಸಮೇತ. ತಿರುಗಿಸಿದರೆ ಒಳಗೆ ಹಿಮ ಬೀಳುವ ಗಾಜಿನ ಗುಂಡು, ಈಗ ಅದರ ನೀರೆಲ್ಲ ಆರಿ ಹಿಮ ಒಂದು ಮೂಲೆಗೆ ಅಂಟಿಕೊಂಡಿದೆ. ತಗಡಿನ ಪೀಪಿ. ವಸತಿಗೃಹದ ಆರನೇ ನಂಬರಿನ ಕೋಣೆಯ ಬೀಗದ ಕೈ! ಅದನ್ನು ವಾಪಸು ಕೊಟ್ಟೆ ಅಂತ ನೀವು, ಕೊಟ್ಟಿಲ್ಲ ಅಂತ ನಾನು, ಹಿಂತಿರುಗುವ ರೈಲಿನಲ್ಲಿ ಇಡೀ ದಾರಿ ಜಗಳ ಆಡಿದ್ದೆವು. ಗೆದ್ದವಳು ನಾನು, ಮೂವತ್ತು ವರ್ಷ ತಡವಾಗಿ. ಜೊತೆಗೆ ನಮ್ಮ ಮೂವರ ಫೋಟೋ. ಫೋಟೋ ಅಂಗಡಿಯವನು ಹಿಂದೆ ಬೆಟ್ಟದ ತುದಿಯ ಚಿತ್ರ ಬರೆದ ಪರದೆ ಇಳಿಬಿಟ್ಟಿದ್ದ. ಮಗಳು ನಗುತ್ತಿದ್ದಾಳೆ, ನಾನು ಕಣ್ಣು ಮುಚ್ಚಿದ್ದೇನೆ, ನೀವು ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೀರಿ. ಆಗ ನಾನು ಅದನ್ನು ಪ್ರೀತಿ ಅಂದುಕೊಂಡಿದ್ದೆ.

ಇನ್ನು ವರ್ಷಕ್ಕೊಂದರಂತೆ ನೀವು ಬೆಟ್ಟದಿಂದ ತಂದ ಕಲ್ಲುಗಳು. ಒಂಬತ್ತೂ ಇದ್ದವು, ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ, ನನ್ನ ಬಟ್ಟೆಚೂರುಗಳ ಮಧ್ಯೆ. ಒಂದೊಂದಕ್ಕೂ ದಾರ, ದಾರಕ್ಕೆ ರಟ್ಟಿನ ಚೀಟಿ, ರಿಪೇರಿಗೆ ಬಂದ ತಕ್ಕಡಿಗೆ ಕಟ್ಟುತ್ತೀರಲ್ಲ, ಅಂಥದ್ದೇ. ಚೀಟಿಯಲ್ಲಿ ತಾರೀಕು, ಕಲ್ಲಿನ ತೂಕ, ಕೆಳಗೆ ಒಂದು ಸಂಖ್ಯೆ. ಆ ಸಂಖ್ಯೆ ಏನು ಅಂತ ನಾನು ಯಾವತ್ತೂ ಕೇಳಿರಲಿಲ್ಲ. ತಕ್ಕಡಿಗೆ ನಂಬರು ಹಾಕುವ ಚಟ ಕಲ್ಲಿಗೂ ತಗುಲಿದೆ ಅಂದುಕೊಂಡಿದ್ದೆ. ನೆನಪಿದೆಯಾ? ವರ್ಷಕ್ಕೊಂದು ವಾರ ರಜೆ, ಅದೇ ಊರು, ಅದೇ ಬೆಟ್ಟ. ಮೊದಲನೇ ವರ್ಷ, ಮದುವೆಯಾಗಿ ಎರಡು ತಿಂಗಳಾಗಿತ್ತು, ಹೊಸ ಚಪ್ಪಲಿ ಕಚ್ಚಿ ನಾನು ಬುಡದಲ್ಲೇ ಕೂತೆ. ಆಮೇಲೆ ಮಗಳು ಚಿಕ್ಕವಳು ಅಂತ ಕೂತೆ. ಆಮೇಲೆ ಆ ಟೀ ಅಂಗಡಿಯಾಕೆಯ ಜೊತೆ ಮಾತಿನ ರುಚಿ ಹತ್ತಿ ಕೂತೆ. ನೀವು ಒಬ್ಬರೇ ಹತ್ತುತ್ತಿದ್ದಿರಿ. ಇಳಿದು ಬಂದಾಗ ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತಿತ್ತು, ಮುಖ ಬಿಳುಚಿರುತ್ತಿತ್ತು. "ತುದಿ ಮುಟ್ಟಿದ್ರಾ?" ಅಂತ ಕೇಳಿದರೆ ಕಲ್ಲನ್ನು ನನ್ನ ಅಂಗೈ ಮೇಲೆ ಇಡುತ್ತಿದ್ದಿರಿ. ನಾನು ಬೀದಿಗೆಲ್ಲ ಜಂಬ ಕೊಚ್ಚಿದೆ, ನಮ್ಮವರು ಒಂಬತ್ತು ಸಲ ಬೆಟ್ಟದ ತುದಿ ಮುಟ್ಟಿ ಬಂದವರು ಅಂತ. ಬೇಕರಿಯವರಿಗೆ ಅದು ಬಾಯಿಪಾಠ ಆಗಿದೆ.

ಡಬ್ಬಿಯ ತಳದಲ್ಲಿ ಬೆಟ್ಟದ ಚಿತ್ರದ ಒಂದು ಕಾರ್ಡು ಇತ್ತು, ಅಂಚೆಗೆ ಹಾಕದ್ದು. ಚಿತ್ರದ ಕೆಳಗೆ ಅಚ್ಚಾಗಿತ್ತು, "ತುದಿಗೆ ಎಂಟುನೂರ ಅರವತ್ತು ಮೆಟ್ಟಿಲು." ಹಿಂದೆ ತಿರುಗಿಸಿದರೆ ನಿಮ್ಮ ಇರುವೆಸಾಲಿನಂಥ ಅಕ್ಷರ. ಒಂಬತ್ತು ವರ್ಷಕ್ಕೆ ಒಂಬತ್ತು ಸಾಲು. ಮೊದಲನೆಯದು, "212. ತಲೆ ಸುತ್ತಿತು. ಕೂತೆ." ಎರಡನೆಯದು, "260. ಕೆಳಗೆ ನೋಡಬಾರದಿತ್ತು." ಮೂರನೆಯದು, "255. ಮಳೆ. ಐದು ಕಡಿಮೆ." ಚೀಟಿಗಳನ್ನು ತಂದು ಪಕ್ಕದಲ್ಲಿಟ್ಟು ನೋಡಿದೆ. ಅವೇ ಸಂಖ್ಯೆಗಳು. ಅಂದರೆ ನೀವು ಒಂದು ಸಲವೂ ತುದಿ ಮುಟ್ಟಿಲ್ಲ. ಎತ್ತರ ಅಂದರೆ ಭಯ ನಿಮಗೆ, ತಕ್ಕಡಿಯವರೇ! ಅಟ್ಟದ ಮೇಲೆ ದೂಳಿನಲ್ಲಿ ಕೂತು ಒಬ್ಬಳೇ ಬಯ್ದೆ, ಆಮೇಲೆ ಒಬ್ಬಳೇ ನಕ್ಕೆ. ಮೂವತ್ತೆಂಟು ವರ್ಷ ಬಲ್ಬು ಬದಲಾಯಿಸಿದ್ದು ನಾನು. ಮಾಳಿಗೆಯ ಅಂಚಿನಲ್ಲಿ ಬಟ್ಟೆ ಹರವಿದ್ದು ನಾನು. ಅಟ್ಟ ಹತ್ತಿ ಅಂದಾಗಲೆಲ್ಲ ನೀವು ಏಣಿಯನ್ನು ಬಗ್ಗಿ ನೋಡಿ, "ಸಮ ಇಲ್ಲ ಕಣೇ ಇದು, ಒಂದು ಕಾಲು ಗಿಡ್ಡ" ಅನ್ನುತ್ತಿದ್ದಿರಿ. ನಾನು ಸೋಮಾರಿತನ ಅಂದುಕೊಂಡೆ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಪಕ್ಕದಲ್ಲೇ ಮಲಗುವ ಗಂಡನೂ ನುಣ್ಣಗೇ ಕಂಡ ನನಗೆ.

ಕಣ್ಣಿಗೆ ಮಣ್ಣೆರಚಿದಿರಿ ಅಂತ ಬರೆಯಬೇಕು ಅಂತಿದ್ದೆ. ಆದರೆ ನೆನಪು ಮಾಡಿಕೊಂಡಷ್ಟೂ ನಿಮ್ಮ ಬಾಯಲ್ಲಿ "ಹೌದು, ಮುಟ್ಟಿದೆ" ಅನ್ನುವ ಮಾತು ಸಿಗಲಿಲ್ಲ. ಅರ್ಧ ಗ್ರಾಂ ಸುಳ್ಳೂ ಹೇಳದ ಮನುಷ್ಯ ನೀವು. ಕಲ್ಲು ಕೊಟ್ಟಿರಿ, ಸುಳ್ಳನ್ನು ನಾನೇ ಹೊಲಿದುಕೊಂಡೆ. ಉಳಿದ ಸಾಲುಗಳನ್ನೂ ಓದಿದೆ. "418. ಒಬ್ಬ ಅಜ್ಜಿ ನನ್ನನ್ನು ದಾಟಿ ಹೋದರು." "530. ಗೋಡೆ ಹಿಡಿದುಕೊಂಡು." "702. ಕಣ್ಣು ಮುಚ್ಚದೆ." ಪ್ರತಿ ವರ್ಷ ಹೆದರಿದ್ದೀರಿ, ಪ್ರತಿ ವರ್ಷ ಮತ್ತೆ ಹತ್ತಿದ್ದೀರಿ. ಯಾರಿಗೂ ಹೇಳದೆ, ಯಾರಿಂದಲೂ ಶಹಬ್ಬಾಸ್ ಅನ್ನಿಸಿಕೊಳ್ಳದೆ. ಕೊನೆಯ ಸಾಲು ಇದು. "791. ಇನ್ನು ಅರವತ್ತೊಂಬತ್ತು. ಮುಂದಿನ ವರ್ಷ."

ಮುಂದಿನ ವರ್ಷ ನಾವು ಹೋಗಲಿಲ್ಲ. ಯಾಕೆ ಅಂತ ನಿಮಗೆ ನೆನಪಿರುತ್ತದೆ, ನನಗೆ ಮೊನ್ನೆ ಅಟ್ಟದಲ್ಲಿ ನೆನಪಾಯಿತು. ಶಾಲೆಯ ಸಮವಸ್ತ್ರದ ಆರ್ಡರು ಬಂದಿತ್ತು, ಇನ್ನೂರು ಜೊತೆ. ನೀವು ಟ್ರಂಕು ಕೆಳಗೆ ಇಳಿಸಿ ಕೊಡು ಅಂತ ಕೇಳಿದಿರಿ. ನಾನು ಯಂತ್ರದಿಂದ ತಲೆಯನ್ನೂ ಎತ್ತದೆ, "ಅದೇ ಬೆಟ್ಟ, ಅದೇ ಟೀ. ಈ ವರ್ಷ ಬೇಡ ಬಿಡಿ" ಅಂದೆ. "ಆಯ್ತು" ಅಂದಿರಿ. ಅಷ್ಟೇ. ಅದರ ಮುಂದಿನ ವರ್ಷ ನೀವು ಕೇಳಲೂ ಇಲ್ಲ, ನಾನು ಎತ್ತಲೂ ಇಲ್ಲ, ರಜೆ ಅನ್ನುವುದೇ ನಿಂತು ಹೋಯಿತು. ಒಂದು ಮಾತು ಬಿಡಿಸಿ ಹೇಳಿದ್ದರೆ ನಾನು ಇನ್ನೂರಲ್ಲ, ಎರಡು ಸಾವಿರ ಅಂಗಿಯನ್ನಾದರೂ ಬಿಟ್ಟು ಬರುತ್ತಿದ್ದೆ ಕಣ್ರೀ. ಆದರೆ ನೀವು ಹೇಳುವವರಲ್ಲ, ನಾನು ಕೇಳುವವಳೂ ಆಗಿರಲಿಲ್ಲ. ಆ ಕಾರ್ಡು ಹಿಡಿದುಕೊಂಡು ಬಹಳ ಹೊತ್ತು ಅತ್ತೆ. ತಪ್ಪಾಯಿತು. ಇದನ್ನು ಹೊಟ್ಟೆಗೆ ಹಾಕಿಕೊಳ್ಳಿ.

ಈಗ ನಾನು ಏನು ಮಾಡಿದ್ದೇನೆ ಅಂತ ಹೇಳುತ್ತೇನೆ, ಬಯ್ಯಬೇಡಿ. ನಿನ್ನೆ ಬಡಗಿಯನ್ನು ಕರೆಸಿ, ಮೆಟ್ಟಿಲಿನ ಗೋಡೆಯ ಪಕ್ಕಕ್ಕೂ ಹಿಡಿಕೆ ಹಾಕಿಸಿದೆ. ಈಗ ಎರಡು ಕೈಗೂ ಆಸರೆ ಇದೆ. ಅದು ಸಮ ಇದೆಯೋ ಇಲ್ಲವೋ ಅಂತ ನಿಮ್ಮ ಮಟ್ಟಗೋಲು ಇಟ್ಟೇ ನೋಡಿದೆ, ಇದೆ. ನಮ್ಮ ಮೆಟ್ಟಿಲು ಇಪ್ಪತ್ತೇಳು, ಹದಿನಾಲ್ಕನೆಯದರ ಹತ್ತಿರ ತಿರುವು. ಆ ತಿರುವಿನಲ್ಲಿ ನನ್ನ ಹೊಲಿಗೆಯ ಕುರ್ಚಿ ಹಾಕಿದ್ದೇನೆ, ಬೆನ್ನು ಬೀದಿಗೆ, ಮುಖ ಗೋಡೆಗೆ, ಕೂತರೆ ಕೆಳಗೆ ಕಾಣುವುದಿಲ್ಲ. ಕೆಳಗಿನ ಅಂಗಡಿ ಗುಡಿಸಿ, ತಕ್ಕಡಿಗಳನ್ನೆಲ್ಲ ಒಂದು ಕಡೆ ಸರಿಸಿ, ಎರಡು ಮಂಚ ಹಾಕಿಸಿದ್ದೇನೆ. ಎರಡು ಯಾಕೆ ಅಂದರೆ ನಾನೂ ಕೆಳಗೇ ಮಲಗುತ್ತೇನೆ. ಬಂದ ದಿನ ಮೂರು ಮೆಟ್ಟಿಲು ಹತ್ತಿ ಇಳಿಯಿರಿ. ಮಾರನೇ ದಿನ ನಾಲ್ಕೋ ಐದೋ. ಮಳೆ ಬಂದರೆ ಕಡಿಮೆ, ಅದಕ್ಕೂ ನಿಮ್ಮಲ್ಲಿ ಲೆಕ್ಕ ಇದೆಯಲ್ಲ. ಹೇಗೂ ಅಂಗಡಿಯಲ್ಲೇ ಇರುತ್ತೀರಿ, ಬೇಕರಿಯವರ ಮೂರು ಗ್ರಾಮನ್ನೂ ಸರಿಮಾಡಿ ಕೊಟ್ಟುಬಿಡಿ.

ಮನೆಯ ಪತ್ರಗಳು ಆಮೇಲೆ ಸಿಕ್ಕವು, ಬೀರುವಿನಲ್ಲೇ ಇದ್ದವು. ಕಳಿಸಿಲ್ಲ, ಬಚ್ಚಿಟ್ಟೂ ಇಲ್ಲ. ಮೇಜಿನ ಮೇಲೆ ನಿಮ್ಮ ಒಂಬತ್ತು ಕಲ್ಲುಗಳ ಕೆಳಗೆ ಹಾರದ ಹಾಗೆ ಇಟ್ಟಿದ್ದೇನೆ. ಔಷಧಿ ಅಂಗಡಿಯವರಿಗೆ ಇನ್ನೊಂದು ತಿಂಗಳು ತಾಳಿ ಅಂತ ನಾನೇ ಹೋಗಿ ಹೇಳಿ ಬಂದೆ, ಒಪ್ಪಿಕೊಂಡರು. ಬರುವ ಭಾನುವಾರ ಅಳಿಯಂದಿರು ಕಾರಿನಲ್ಲಿ ನಿಮ್ಮನ್ನು ಕರೆತರುತ್ತಾರೆ, ಆಗಲೇ ಮಾತಾಡಿದ್ದೇನೆ. ತಿಂಗಳು ಪೂರ್ತಿ ಹತ್ತಿ ಇಳಿದು ನೋಡಿ. ಆಮೇಲೂ ಈ ಮೆಟ್ಟಿಲು ಬೇಡ ಅನ್ನಿಸಿದರೆ ನಾನು ಒಂದು ಮಾತೂ ಆಡದೆ ಸಹಿ ಹಾಕುತ್ತೇನೆ. ಹತ್ತದೇ ಬೇಡ ಅಂದರೆ ಮಾತ್ರ ಹಾಕುವುದಿಲ್ಲ. ನನ್ನ ಹಠ ನಿಮಗೆ ಗೊತ್ತು. ನಿಮ್ಮ ಹಠ ನನಗೆ ಮೊನ್ನೆ ಗೊತ್ತಾಯಿತು, ನನ್ನದಕ್ಕಿಂತ ದೊಡ್ಡದು.

ಮಗಳಿಗೆ, ಅಳಿಯಂದಿರಿಗೆ ನನ್ನ ಆಶೀರ್ವಾದ ಹೇಳಿ. ಬರುವಾಗ ಕಾಲಿಗೆ ಬೆಚ್ಚಗೆ ಕಾಲುಚೀಲ ಹಾಕಿಕೊಳ್ಳಿ. ಎಲ್ಲರನ್ನೂ ಗಾಬರಿಪಡಿಸಿ ಅವಸರ ಮಾಡಬೇಡಿ, ಹಾಗಂತ ಸೋಮವಾರಕ್ಕೂ ಹಾಕಬೇಡಿ. ನಿಮ್ಮ ದಾರಿ ನೋಡುತ್ತಾ,

ನಿಮ್ಮ
ಸೂಜಿ

ತಾಜಾಕಲಂ: ಅಂಚೆಯವರು ಬರುವ ಹೊತ್ತಾಯಿತು, ಲಕೋಟೆಗೆ ಅಂಟು ಹಚ್ಚುವ ಮುಂಚೆ ಇದೊಂದು. ಡಬ್ಬಿಯಲ್ಲಿ ಹತ್ತನೆಯ ಚೀಟಿಯೂ ಇತ್ತು, ಕಲ್ಲಿಲ್ಲದ್ದು. ನಾನು ಬೇಡ ಅಂದ ಆ ವರ್ಷಕ್ಕೆ ಅಂತ ನೀವು ಮೊದಲೇ ಬರೆದಿಟ್ಟದ್ದು. "860. ತುದಿ" ಅಂತಿದೆ. ತಾರೀಕು ಖಾಲಿ, ತೂಕ ಖಾಲಿ. ಅದನ್ನು ನಮ್ಮ ಮನೆಯ ಬಾಗಿಲ ಚಿಲಕಕ್ಕೆ ಕಟ್ಟಿದ್ದೇನೆ, ಇಪ್ಪತ್ತೇಳನೇ ಮೆಟ್ಟಿಲ ಮೇಲೆ ನಿಂತರೆ ಕೈಗೆ ಸಿಗುತ್ತದೆ. ನಿಮಗೆ ಬಾಕಿ ಇದ್ದದ್ದು ಅರವತ್ತೊಂಬತ್ತು, ಇದು ಅದರ ಅರ್ಧವೂ ಅಲ್ಲ. ಈ ಸಲ ನಾನು ಬುಡದಲ್ಲಿ ಟೀ ಕುಡಿಯುತ್ತಾ ಕೂರುವುದಿಲ್ಲ, ಒಂದು ಮೆಟ್ಟಿಲು ಹಿಂದೆ ಇರುತ್ತೇನೆ. ಚೀಟಿಯ ದಾರಕ್ಕೆ ಪೆನ್ಸಿಲನ್ನೂ ಕಟ್ಟಿದ್ದೇನೆ. ತಾರೀಕು ನೀವೇ ಬರೆಯಿರಿ.